ನಾಲ್ಕನೆಯ ಬಸ್ಸಿನ ಹೆಂಗಸು

ಅರ್ಧಕ್ಕೆ ನಿಲ್ಲಿಸಿದ ಕಥೆಯ ಜನ ಎಲ್ಲಿದ್ದರೋ ಅಲ್ಲೇ ನಿಂತುಬಿಡುತ್ತಾರೆ, ಪಾಪ, ಅವರಿಗೆ ಕಾಲು ನೋಯುತ್ತದೆ ಎನ್ನುತ್ತಾಳೆ ನಮ್ಮಜ್ಜಿ. ಈ ಮಾತು ಕೇಳಿಕೊಂಡೇ ಬೆಳೆದವಳ ತಲೆಗೆ ಇಂಗ್ಲಿಷ್ ವ್ಯಾಕರಣ ಹತ್ತುವುದಾದರೂ ಹೇಗೆ?

ನಾನು ಒಂದು ಹೋಟೆಲಿನ ಇಸ್ತ್ರಿ ಕೋಣೆಯಲ್ಲಿದ್ದೆ. ಎರಡು ವರ್ಷ ಬರೀ ಹಾಸಿಗೆಯ ಹೊದಿಕೆ, ದಿಂಬಿನ ಕವರು. ಆವಿಯಲ್ಲಿ ಬೆಂದು ಬೆಂದು ನನ್ನ ಮುಖ ಬಿಸಿನೀರಿನಿಂದ ಎತ್ತಿದ ಟೊಮೆಟೊ ಆಗಿತ್ತು. ಅಷ್ಟರಲ್ಲಿ ಮುಂಬಾಗಿಲ ಕೌಂಟರಿನಲ್ಲಿ ಒಂದು ಜಾಗ ಖಾಲಿಯಾಯಿತು. ಅಲ್ಲಿ ಗಾಳಿಯಿದೆ, ಬಂದು ಹೋಗುವ ಹೊಸ ಹೊಸ ಮುಖಗಳಿವೆ. ಪರೀಕ್ಷೆ ಒಂದೇ: ಇಂಗ್ಲಿಷಿನ ಒಂದು ಗದ್ಯಭಾಗ, ಅದರಲ್ಲಿ ಇಪ್ಪತ್ತು ಬಿಟ್ಟ ಸ್ಥಳ. ಹದಿನಾಲ್ಕು ಸರಿಯಾಗಿ ತುಂಬಿದರೆ ಕೌಂಟರು, ಇಲ್ಲದಿದ್ದರೆ ಮತ್ತೆ ಇಸ್ತ್ರಿಪೆಟ್ಟಿಗೆ.

ಐವತ್ತು ಪಾಠಗಳ ಅಭ್ಯಾಸ ಪುಸ್ತಕ ತಂದೆ. ಸಂಜೆ ಅಜ್ಜಿ ಬೀನ್ಸಿನ ನಾರು ಬಿಡಿಸುವಾಗ ಪಕ್ಕದಲ್ಲಿ ಕೂತು ಓದಲು ಶುರುಮಾಡಿದೆ.

"ಒಬ್ಬಳೇ ಗೊಣಗ್ಬೇಡ, ನಂಗೂ ತಿಳಿಯೋ ಹಾಗೆ ಹೇಳು," ಎಂದಳು ಅಜ್ಜಿ.

ಹೇಳಿದೆ. ಗಡಿಯಾರ ರಿಪೇರಿಯವನಿಗೆ ಒಂದು ಪತ್ರ ಬಂತು. ಒಡೆದು ನೋಡಿದ. ಅವನ ಮುಖ ಬಿಳಿಚಿಕೊಂಡಿತು. ಅಷ್ಟೇ, ಪಾಠ ಮುಗಿಯಿತು.

"ಪತ್ರದಲ್ಲಿ ಏನಿತ್ತೇ?"

"ಪುಸ್ತಕದಲ್ಲಿ ಇಲ್ಲ ಅಜ್ಜಿ. ಅವರಿಗೆ ಬಿಟ್ಟ ಸ್ಥಳ ತುಂಬಿಸಿದ್ರೆ ಸಾಕು."

"ಇದೇ ಅಲ್ವೇನೇ ದೊಡ್ಡ ಬಿಟ್ಟ ಸ್ಥಳ! ಸಣ್ಣ ತೂತಿಗೆಲ್ಲ ನಿನ್ನ ಕೈಲಿ ತೇಪೆ ಹಾಕಿಸಿ, ಬಾಗಿಲನ್ನೇ ಕಿತ್ಕೊಂಡು ಹೋಗಿದಾನೆ ಮಹಾರಾಯ!"

ಆ ಸಂಜೆ ಇಬ್ಬರೂ ಸೇರಿ ಪತ್ರದ ಗುಟ್ಟು ಬಿಡಿಸಿದೆವು: ಇಪ್ಪತ್ತು ವರ್ಷದ ಹಿಂದೆ ಅವನೇ ತನಗೆ ಬರೆದುಕೊಂಡ ಪತ್ರವದು! ಮರುದಿನ ಅವನ ಮದುವೆ ಮಾಡಿದೆವು. ಹೀಗೆ ತಿಂಗಳು ಕಳೆದರೂ ಐವತ್ತರಲ್ಲಿ ಆರು ಪಾಠ ದಾಟಿರಲಿಲ್ಲ.

ಪರೀಕ್ಷೆಯ ದಿನ ಹಾಳೆಯಲ್ಲಿ ಒಬ್ಬ ಹೆಂಗಸು ಪೆಟ್ಟಿಗೆ ಹಿಡಿದು ಬಸ್ ನಿಲ್ದಾಣದಲ್ಲಿ ನಿಂತಿದ್ದಳು. ಮೂರು ಬಸ್ಸು ಬಂದವು, ಹತ್ತಲಿಲ್ಲ. ನಾನು ಹದಿನಾರು ಬಿಟ್ಟ ಸ್ಥಳ ತುಂಬಿದೆ. ಕಣ್ಣು ಕೊನೆಯ ಸಾಲಿಗೆ ಹಾರಿತು: ನಾಲ್ಕನೆಯ ಬಸ್ಸು ಬಂತು. ಮುಗಿಯಿತು!

ಅವಳನ್ನು ಹಾಗೇ ಬಿಟ್ಟು ಏಳಲು ಮನಸ್ಸಾಗಲಿಲ್ಲ. ಉಳಿದ ನಾಲ್ಕನ್ನು ಆಮೇಲೆ ನೋಡಿಕೊಂಡರಾಯಿತೆಂದು ಹಾಳೆ ತಿರುಗಿಸಿ, ಬಂದ ಇಂಗ್ಲಿಷಿನಲ್ಲೇ ಬರೆಯತೊಡಗಿದೆ. 'ಅಮ್ಮಾ, ನಿಮ್ಮ ಪೆಟ್ಟಿಗೆ ಅಳುತ್ತಿದೆ' ಎಂದು ಕಂಡಕ್ಟರ್ ಹೇಳುವ ಹೊತ್ತಿಗೆ ಗಂಟೆ ಹೊಡೆಯಿತು.

ಮಾರನೆಯ ದಿನ ಮ್ಯಾನೇಜರ್ ಮೇಡಂ ಕರೆಸಿದರು. ಮೇಜಿನ ಮೇಲೆ ನನ್ನ ಹಾಳೆ.

"ಹದಿಮೂರು. ಒಂದು ಕಮ್ಮಿ. ನಾಲ್ಕು ಮುಟ್ಟೇ ಇಲ್ಲ, ಯಾಕೆ?"

"ಆ ಹೆಂಗಸು ನಿಂತೇ ಇದ್ಲು, ಮೇಡಂ."

ಮೇಡಂ ಹಾಳೆ ತಿರುಗಿಸಿದರು. ಎಂಟು ಸಾಲಿನವರೆಗೆ ಕೆಂಪು ಶಾಯಿಯ ಗೀರೇ ಗೀರು. ಆಮೇಲೆ ಒಂದೂ ಇಲ್ಲ. ಅಲ್ಲಿಂದ ಮುಂದೆ ನನ್ನ ಇಂಗ್ಲಿಷ್ ಸುಧಾರಿಸಿದೆ ಎಂದು ಒಳಗೊಳಗೇ ಉಬ್ಬಿದೆ. ಆದರೆ ಒಂಬತ್ತನೆಯ ಸಾಲಿನಲ್ಲಿ 'ಬಸ್ಸು' ಪದವೇ ತಪ್ಪಾಗಿತ್ತು.

ಮೇಡಂ ಗಂಟಲು ಸರಿಮಾಡಿಕೊಂಡರು. "ಪೆಟ್ಟಿಗೆಯೊಳಗೆ ಏನಿತ್ತು?"

"ಅದು ಮೇಡಂ..."

"ಇಂಗ್ಲಿಷಿನಲ್ಲೇ ಹೇಳು."

ಹೇಳಿದೆ. ಮಾತು ಸಿಗದ ಕಡೆ ಕೈ ಆಡಿಸಿದೆ, ಕೈಗೂ ಸಿಗದ ಕಡೆ ಮಿಯಾಂವ್ ಅಂದೆ. ಪೆಟ್ಟಿಗೆಯಲ್ಲಿದ್ದದ್ದು ಅತ್ತೆಯ ಬೆಕ್ಕು. ಜಗಳವಾಡಿ ಮನೆ ಬಿಟ್ಟವಳಿಗೆ ಬೆಕ್ಕನ್ನು ಬಿಟ್ಟಿರಲಾಗಲಿಲ್ಲ. ಹಿಂದಿನ ಮೂರೂ ಬಸ್ಸುಗಳಲ್ಲಿ ಅತ್ತೆಯ ಪರಿಚಯದವರಿದ್ದರು. ನಾಲ್ಕನೆಯದರಲ್ಲಿ ಸ್ವತಃ ಅತ್ತೆಯೇ ಇದ್ದಳು, ಸೊಸೆಯನ್ನು ಹುಡುಕಿಕೊಂಡು. ಮೇಡಂ ಗಲ್ಲಕ್ಕೆ ಕೈ ಕೊಟ್ಟು ಹೂಂ, ಹೂಂ ಎನ್ನುತ್ತಿದ್ದರು. ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಮಾತಿನ ಭರದಲ್ಲಿ ಐವತ್ತು ಪಾಠದಲ್ಲಿ ಆರೇ ಓದಿದ್ದನ್ನೂ ಬಾಯಿಬಿಟ್ಟೆ.

"ತಪ್ಪು ಬೇಕಾದಷ್ಟಿದೆ," ಎಂದರು ಕೊನೆಗೆ. "ಆದ್ರೆ ಇಸ್ತ್ರಿ ತಡವಾಗಿ ದಿನಾ ರೂಮು ತಡ ಆಗುತ್ತೆ. ಬಂದವರು ಕೌಂಟರಿನಲ್ಲಿ ನಿಂತು ಕೂಗಾಡ್ತಾರೆ. ಅವರನ್ನ ಹೀಗೆ ಮಾತಿನಲ್ಲಿ ಹಿಡಿದಿಟ್ಕೋತೀಯಾ? ಸೋಮವಾರ ಬಾ, ಮೂರು ತಿಂಗಳು ನೋಡ್ತೀನಿ. ಆ ಉಳಿದ ನಲವತ್ತನಾಲ್ಕು ಪಾಠ ಮಾತ್ರ ಮುಗಿಸು."

ಓಡುತ್ತಾ ಮನೆಗೆ ಬಂದೆ. ಅಜ್ಜಿ ಕೆಲಸದ ಮಾತೇ ಎತ್ತಲಿಲ್ಲ.

"ಆ ಹೆಂಗಸಿಗೆ ಸೀಟು ಸಿಕ್ತಾ?"

"ಕಿಟಕಿ ಪಕ್ಕದ್ದೇ, ಅಜ್ಜಿ. ಅತ್ತೆ ಬಿಟ್ಕೊಟ್ಲು."

"ನಿಂಗೆ?"

"ನಂಗೆ ಕೌಂಟರು! ಆದ್ರೆ ಅಲ್ಲಿ ನಿಂತೇ ಇರ್ಬೇಕಂತೆ, ಎಂಟು ಗಂಟೆ."

ಅಜ್ಜಿ ಬೀನ್ಸಿನ ತಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಬೆಂಚಿನ ತುದಿಗೆ ಸರಿದು ಜಾಗ ಬಿಟ್ಟಳು. "ಈಗ್ಲೇ ಕೂತ್ಕೊಂಡ್ಬಿಡು ಹಾಗಾದ್ರೆ. ಏಳನೇ ಪಾಠದಲ್ಲಿ ಯಾರು ಕಾಯ್ತಿದಾರೆ, ನೋಡು."