ತಲೆಕೆಳಗಾದ ಆಕಾಶ

ಶವದ ಪೆಟ್ಟಿಗೆ ಹೊತ್ತವರು ಅಂಗಡಿಯ ಇಕ್ಕಟ್ಟು ಬಾಗಿಲಲ್ಲಿ ಅದನ್ನು ಓರೆ ಮಾಡಿ ಹೊರಗೆ ತರುತ್ತಿದ್ದಾಗ, ಎದುರು ಬದಿಯಲ್ಲಿ ಹೊರೇಸ್ ಗೆಡ್ನಿ ನಿಂತಿರುವುದು ಆಲಿವ್ ಲಾರ್ಟರಳಿಗೆ ಕಂಡಿತು. ಕಪ್ಪು ಕೋಟು, ಕಪ್ಪು ಹ್ಯಾಟು, ಕಂಕುಳಲ್ಲಿ ಕಂದು ಕಾಗದ ಸುತ್ತಿದ ಚಪ್ಪಟೆ ಕಟ್ಟು. ಒಳಗಿರುವುದು ಯಾವ ಚಿತ್ರವೆಂದು ತಿಳಿಯಲು ಆಕೆ ಬಿಚ್ಚಿ ನೋಡಬೇಕಾಗಿರಲಿಲ್ಲ.

"ಸಾವಿನ ಮನೆಗೆ ಜನ ಹೂ ತರ್ತಾರೆ. ಇವ್ನು ವ್ಯಾಪಾರಕ್ಕೆ ಬಂದಿದಾನೆ ನೋಡು," ಎಂದಳು ನಾದಿನಿ ಮೇಬಲ್.

ನಾರ್ವಿಚ್‌ನ ಆ ಓಣಿಯಲ್ಲಿ ಇದ್ದದ್ದು ಎರಡೇ ಚಿತ್ರದಂಗಡಿ, ಈ ಕಡೆ ಲಾರ್ಟರನದು, ಆ ಕಡೆ ಗೆಡ್ನಿಯದು. ಇಬ್ಬರೂ ಆಯಸ್ಸೆಲ್ಲ ಹಾವು ಮುಂಗುಸಿಯ ಹಾಗೆ ಬಾಳಿದವರು. ಗೆಡ್ನಿ ಇವತ್ತು ನಾಲ್ಕು ಜನರ ಮುಂದೆ ಆ ಕಟ್ಟು ಬಿಚ್ಚಿದರೆ, ಮಣ್ಣಿಗೆ ಹೋಗುತ್ತಿರುವ ಗಂಡ ಆಂಬ್ರೋಸನ ಜೊತೆ ಅವನ ಹೆಸರೂ ಮಣ್ಣಿಗೆ ಹೋಗುತ್ತದೆ.

ಚರ್ಚಿನಲ್ಲಿ ಪಾದ್ರಿಗಳು ಆಂಬ್ರೋಸನ ಗುಣಗಾನ ಮಾಡುತ್ತ, ಲಾರ್ಟರ್ ನಮ್ಮೂರಿನ ಕಣ್ಣಾಗಿದ್ದರು ಎಂದರು. ಆಲಿವ್ ಬೆಚ್ಚಿ ಪಕ್ಕಕ್ಕೆ ನೋಡಿದಳು. ಆಚೆ ಸಾಲಿನಿಂದ ಗೆಡ್ನಿ ಅವಳನ್ನೇ ನೋಡುತ್ತಿದ್ದ. ಎಲ್ಲರೂ ಎದ್ದು ಕೀರ್ತನೆ ಹಾಡಿದರೂ ಅವನ ಪುಸ್ತಕ ಮುಚ್ಚಿಯೇ ಇತ್ತು, ನೋಟ ಅಲ್ಲಾಡಲಿಲ್ಲ.

*

ಬೇರೆಯವರು ದೇವರ ಹೆಸರು ಹೇಳುವಷ್ಟು ಸಲ ಆಂಬ್ರೋಸ್, ಅದೇ ಊರಿನ ಹಳೆಯ ಚಿತ್ರಕಾರ ಕ್ರೋಮನ ಹೆಸರು ಹೇಳುತ್ತಿದ್ದ. ಬಡ ಬಯಲು, ಅದರ ಮೇಲೆ ಅಷ್ಟಗಲ ಆಕಾಶ, ಯಾರ ಮೇಲೂ ದೂರಿಲ್ಲ, ಅದು ಕ್ರೋಮ್ ಎನ್ನುತ್ತಿದ್ದ. ಕಾಟ್‌ಮನ್ನನ ಜಲವರ್ಣ ಹಿಡಿದರಂತೂ ಊಟದ ಪರಿವೆ ಇರುತ್ತಿರಲಿಲ್ಲ. ಬರೆಯುವುದನ್ನು ಯಾರಾದರೂ ಕಲಿಯುತ್ತಾರೆ, ಎಲ್ಲಿ ಬರೆಯದೆ ಬಿಡಬೇಕೆಂದು ಕಾಟ್‌ಮನ್ನನಿಗೆ ಗೊತ್ತಿತ್ತು ಅನ್ನುವುದು ಅವನ ವಾದ. ಚಿತ್ರ ಬಿಟ್ಟು ಚೌಕಟ್ಟನ್ನು ಹೊಗಳಿದ ಗಿರಾಕಿಯನ್ನು ಅವನು ಹಾಗೇ ಬೀದಿಗೆ ಕಳಿಸಿದ್ದುಂಟು. ಸಂಸಾರ ಸಾಗಿಸುವವಳಿಗೆ ಇದರಿಂದ ಸಿಟ್ಟು ಬರುತ್ತಿತ್ತು, ಆದರೆ ಕೇಳಿ ಕೇಳಿ ಆಲಿವ್‌ಳಿಗೂ ನೋಡುವುದು ಬಂತು.

ಬಂದದ್ದು ಒಳ್ಳೆಯದೇ ಆಯಿತು. ಆಂಬ್ರೋಸನಿಗೆ ಮೊದಲು ಸಣ್ಣ ಗೆರೆಗಳು ಹೋದವು, ಆಮೇಲೆ ಬಣ್ಣ, ಕೊನೆಗೆ ಹೆಂಡತಿಯ ಮುಖ.

"ಕಣ್ಣು ಹೋಗಿದೆ ಅಂತ ಯಾರಿಗೂ ಗೊತ್ತಾಗ್ಬಾರ್ದು ಆಲಿವ್," ಎಂದಿದ್ದ. "ನಾನು ಸತ್ತ ಮೇಲೂ." ಆಕೆ ಮಾತು ಕೊಟ್ಟಿದ್ದಳು.

ಅಂದಿನಿಂದ, ಚಿತ್ರ ತೋರಿಸಿ ಕೇಳಲು ಯಾರೇ ಬಂದರೂ ಆಕೆ ಅವನ ಎಡಕ್ಕೆ ನಿಂತಳು. ಅವನು ಚಿತ್ರವನ್ನು ಮುಖದ ಹತ್ತಿರ ಎತ್ತುವನು, ಮೂಸುವನು, ಹಿಂಬದಿ ಸವರುವನು. ಆಕೆಯ ಬೆರಳು ಅವನ ಮೊಣಕೈಯನ್ನು ಒಂದು ಸಲ ಒತ್ತಿದರೆ ಅಸಲಿ, ಎರಡು ಸಲ ಒತ್ತಿದರೆ ಅಲ್ಲ. ಊರಿನ ವಸ್ತುಸಂಗ್ರಹಾಲಯ ಕೂಡ ಹಾಗೇ ಒಂದು ಕ್ರೋಮ್ ಕೊಂಡಿತು. ಲಾರ್ಟರ್ ನೋಡಿ ಹೇಳಿದ್ದಾರೆ ಅಂದ ಮೇಲೆ ಮುಗಿಯಿತು.

ಹೋದ ನವೆಂಬರಿನಲ್ಲಿ ಗೆಡ್ನಿ ಎಂದೂ ಇಲ್ಲದ್ದು ಬೀದಿ ದಾಟಿ ಬಂದ. ಕೈಯಲ್ಲೊಂದು ಪುಟ್ಟ ತೈಲಚಿತ್ರ, ಬಯಲು ಮತ್ತು ಗಾಳಿಗಿರಣಿ. ಒಳಗೆ ಚಹಾ ಮಾಡುತ್ತಿದ್ದ ಆಲಿವ್ ಬರುವಷ್ಟರಲ್ಲಿ ಆಂಬ್ರೋಸ್ ಅದನ್ನು ಕೈಗೆ ತೆಗೆದುಕೊಂಡುಬಿಟ್ಟಿದ್ದ. ತಲೆಕೆಳಗಾಗಿ ಹಿಡಿದಿದ್ದ. ಕೆಸರು ನೆಲದ ಮೇಲೆ ಬೆರಳಾಡಿಸುತ್ತ, "ಆಕಾಶ ಎಷ್ಟು ಹಗುರ ನೋಡು ಗೆಡ್ನಿ," ಎನ್ನುತ್ತಿದ್ದ. ಎದುರಿಗೆ ಗೆಡ್ನಿ ಕಲ್ಲಿನ ಹಾಗೆ ನಿಂತಿದ್ದ.

"ತಲೆಕೆಳಗೆ ಹಿಡಿದು ನೋಡೋ ಚಾಳಿ ಇವ್ರಿಗೆ ಇನ್ನೂ ಬಿಟ್ಟಿಲ್ಲ," ಎಂದು ಆಲಿವ್ ನಕ್ಕಳು. ಚಿತ್ರ ಮಾರುವವರು ಹಾಗೆ ಮಾಡುವುದುಂಟು. ಮರ ಮನೆ ಮರೆತು ಬಣ್ಣವಷ್ಟೇ ಕಾಣಲಿ ಎಂದು. ಗೆಡ್ನಿಯ ಮುಖ ಬಿಳಿಚಿಕೊಂಡಿತು. ಚಿತ್ರ ಕಿತ್ತುಕೊಂಡವನ ಹಾಗೆ ತೆಗೆದುಕೊಂಡು ಹೊರಟೇಹೋದ.

"ಬೇಕು ಅಂತ್ಲೇ ಹಾಗೆ ಕೈಗೆ ಕೊಟ್ಟ," ಎಂದ ಆಂಬ್ರೋಸ್. "ಅವ್ನಿಗೆ ಗೊತ್ತಾಗಿದೆ."

ಆಮೇಲೆ ಅಂಗಡಿಯ ಗಂಟೆ ಬಾರಿಸಿದಾಗಲೆಲ್ಲ ಗೆಡ್ನಿಯೇ ಬಂದನೆಂದು ಅವನು ಒಳಕ್ಕೆ ಸರಿಯುತ್ತಿದ್ದ. ಚಳಿಗಾಲ ಕಳೆಯುವ ಮೊದಲೇ ಆ ಹೆದರಿಕೆಯಲ್ಲೇ ಹೋಗಿಬಿಟ್ಟ.

*

ಗೋರಿಯ ಬಳಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಗೆಡ್ನಿ ಹಾಕಿದ್ದು ಪಾದ್ರಿಗಳ ಬೂಟಿನ ಮೇಲೆ ಬಿತ್ತು. ಕುಡಿದು ಬಂದಿದ್ದಾನೆ ಎಂದು ಮೇಬಲ್ ಗೊಣಗಿದಳು. ಕುಡಿದವನ ಬಾಯಿಗೆ ಬೀಗವಿಲ್ಲ ಎಂದು ಆಲಿವ್ ಇನ್ನೂ ಹೆದರಿದಳು.

ಮನೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್, ಕೇಕು, ಶೆರಿ. ಸಂಗ್ರಹಾಲಯದ ಮಿಸ್ ಕ್ಯಾಟ್ಲಿಂಗ್ ತಟ್ಟೆ ಹಿಡಿದು, ಲಾರ್ಟರ್ ಕಣ್ಣಿನಂಥ ಕಣ್ಣು ಇನ್ನು ಬರುವುದಿಲ್ಲ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಗೆಡ್ನಿ ಮೂಲೆಯಲ್ಲಿ, ಮೊಣಕಾಲ ಮೇಲೆ ಕಟ್ಟು ಇಟ್ಟುಕೊಂಡು, ಏನೂ ಮುಟ್ಟದೆ ಕೂತಿದ್ದ. ತಡೆಯಲಾರದೆ ಆಲಿವ್ ಅಡಿಗೆಮನೆಗೆ ನಡೆದಳು. ಹಿಂದೆಯೇ ಅವನೂ ಬಂದ. ಬಾಗಿಲ ಕಂಬಕ್ಕೆ ಭುಜ ಬಡಿಯಿತು.

"ಮಿಸೆಸ್ ಲಾರ್ಟರ್, ಒಬ್ರೇ ಇದೀರಾ?"

"ಇವತ್ತೊಂದಿನ ಬಿಟ್ಬಿಡಿ ಮಿಸ್ಟರ್ ಗೆಡ್ನಿ. ಅವ್ರ ಮೇಲಿನ ಮಣ್ಣು ಇನ್ನೂ ಹಸಿ ಇದೆ."

ಅವನು ಬಾಗಿಲು ಮುಚ್ಚಿ, ಕಾಗದ ಬಿಚ್ಚಿ, ಚಿತ್ರ ಮುಂದೆ ಹಿಡಿದ. ಗಾಳಿಗಿರಣಿ ಮತ್ತೆ ತಲೆಕೆಳಗೆ. ಆಲಿವ್‌ಳಿಗೆ ಹೆದರಿಕೆಯ ಮೇಲೆ ಸಿಟ್ಟು ಉಕ್ಕಿತು. ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. ಅವನ ಇನ್ನೊಂದು ಕೈ ಮೇಜಿನ ಅಂಚನ್ನು ಹುಡುಕುತ್ತಿತ್ತು. ನೋಟ ಅವಳ ಮೇಲಿರಲಿಲ್ಲ, ಕುದಿಯುತ್ತಿದ್ದ ಕೆಟಲಿನ ಸದ್ದಿನ ಕಡೆಗಿತ್ತು.

"ನವೆಂಬರಲ್ಲಿ ಕಣ್ಣು ಇಷ್ಟು ಹೋಗಿರ್ಲಿಲ್ಲ," ಎಂದ. "ಇದು ಕ್ರೋಮನದಾ ಅಂತ ನಂಗೇ ಕಾಣ್ತಿರ್ಲಿಲ್ಲ. ಊರಲ್ಲಿ ಕಣ್ಣು ಅಂತ ಇದ್ದಿದ್ದು ನಿಮ್ಮೋರಿಗೆ. ಮಾನ ಬಿಟ್ಟು ಬಂದೆ. ತಲೆಕೆಳಗೆ ಅಂದ್ರಿ ನೀವು. ನಾನೇ ಹಾಗೆ ಕೊಟ್ಟೆ ಅಂತ ಆಗ ಗೊತ್ತಾಯ್ತು. ಅವ್ನು ನನ್ನ ಗುಟ್ಟು ಹಿಡಿದ್ಬಿಟ್ಟ ಅಂತ ಅವತ್ತಿಂದ ಹೆದರ್ಕೊಂಡೇ ಸಾಯ್ತಿದೀನಿ." ದನಿ ಇಳಿಯಿತು. "ಇದನ್ನ ನೀವೇ ಇಟ್ಕೊಳ್ಳಿ ಅಂತ ತಂದೆ, ಗುಟ್ಟು ಮಾತ್ರ ಹೊರಗೆ ಬೇಡ. ಯಾರಿಗಾದ್ರೂ ಹೇಳಿದ್ನಾ?"

ಆಲಿವ್ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಚಳಿಗಾಲವೆಲ್ಲ ಒಂದೇ ಓಣಿಯ ಎರಡು ಬದಿಯಲ್ಲಿ ಇಬ್ಬರು ಕುರುಡರು ಒಬ್ಬರಿಗೊಬ್ಬರು ಹೆದರಿ ಕೂತಿದ್ದರು. ಒಬ್ಬ ಅದರಲ್ಲೇ ಸತ್ತ. ಆಕೆಗೆ ಅಳು ಬಂತು, ಹೇಳಿಬಿಡೋಣ ಎಂದೂ ಅನ್ನಿಸಿತು. ಆದರೆ ಕೊಟ್ಟ ಮಾತಿತ್ತು.

"ಇಲ್ಲ," ಎಂದಳು. "ಅವ್ರು ಯಾರಿಗೂ ಹೇಳ್ಲಿಲ್ಲ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಮಿಸ್ ಕ್ಯಾಟ್ಲಿಂಗ್, ಹಿಂದೆ ಮೇಬಲ್, ಅವಳ ಹಿಂದೆ ಇನ್ನಿಬ್ಬರು. ಚಿತ್ರ ಕಂಡದ್ದೇ ಮಿಸ್ ಕ್ಯಾಟ್ಲಿಂಗ್‌ಳ ಕಣ್ಣು ಅರಳಿತು.

"ಕ್ರೋಮನ ಕೈ ಇದ್ದಂಗಿದೆ. ನೀವೇನು ಹೇಳ್ತೀರಿ ಮಿಸ್ಟರ್ ಗೆಡ್ನಿ?"

ಗೆಡ್ನಿಯ ಕೈಯಲ್ಲಿ ಚಿತ್ರ ಗಡಗಡ ನಡುಗತೊಡಗಿತು.

"ನೋಡ್ತಿದಾರೆ. ಒಂದ್ನಿಮಿಷ ಕೊಡಿ ಅವ್ರಿಗೆ," ಎಂದಳು ಆಲಿವ್. ಚಿತ್ರವನ್ನು ಅವನ ಕೈಯಲ್ಲೇ ಮೆಲ್ಲನೆ ತಿರುಗಿಸಿ, ಆಕಾಶವನ್ನು ಮೇಲಕ್ಕೆ ತಂದು, ದಿಟ್ಟಿಸಿ ನೋಡಿದಳು. ಮೋಡ ಚೆನ್ನಾಗಿತ್ತು, ಕ್ರೋಮನದಲ್ಲ. ಆಮೇಲೆ ಅವನ ಎಡಕ್ಕೆ ಹೋಗಿ ನಿಂತು, ಮೊಣಕೈಗೆ ಬೆರಳು ತಾಗಿಸಿ, ಎರಡು ಸಲ ಒತ್ತಿದಳು.

ಅಭ್ಯಾಸವಿದ್ದ ಬೆರಳು ಅದು, ಹಾಗಾದರೆ ಲಾರ್ಟರನೂ ತನ್ನಂತೆಯೇ ಇದ್ದ, ಎಂದು ಗೆಡ್ನಿಗೆ ಹೊಳೆಯಿತು. ಅವನ ಕೈಯಲ್ಲಿ ಚಿತ್ರ ನಡುಗುವುದು ನಿಂತಿತು.