ಒಂದು ಗೇಣು ಎಳೆದು ತೋರಿಸಿ

ಬೇರೆಯವರು ಅಂಗಡಿಗೆ ಹೋದ ಮೇಲೆ ಯಾವುದು ಬೇಕೆಂದು ಯೋಚಿಸುತ್ತಾರೆ. ಜೀಪ್ ಮಾಮ ಬೆಳಿಗ್ಗೆ ಹಲ್ಲುಜ್ಜುವಾಗಲೇ ತೀರ್ಮಾನ ಮಾಡಿ ಮುಗಿಸಿದ್ದ. ಕೈಯಿಂದ ಎಳೆಯುವ ವಿಂಚ್. ಒಂದು ಉದ್ದನೆಯ ಹಿಡಿ, ಒಂದು ಉಕ್ಕಿನ ಹಗ್ಗ, ಎರಡು ಕೊಕ್ಕೆ. ಹಗ್ಗವನ್ನು ಮರಕ್ಕೆ ಬಿಗಿದು ಹಿಡಿಯನ್ನು ಹಿಂದೆ ಮುಂದೆ ಆಡಿಸಿದರೆ ಕೆಸರಲ್ಲಿ ಹೂತ ಜೀಪು ಗೇಣು ಗೇಣಾಗಿ ಮೇಲೆ ಬರುತ್ತದೆ. "ಮೋಟಾರಿಂದು ನಮ್ಮಂಥೋರಿಗಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು," ಎಂದು ದಾರಿಯುದ್ದಕ್ಕೂ ಹೆಂಡತಿಗೆ ಹೇಳುತ್ತ ಬಂದ. ಅವಳು ಹೂಂ ಎನ್ನುತ್ತ ಕಿಟಕಿಯಾಚೆ ನೋಡುತ್ತಿದ್ದಳು.

ನಿಜವಾದ ಕಾರಣ ಹಾಸಿಗೆಯದಲ್ಲ, ಭುಜದ್ದು. ಮೂರು ತಿಂಗಳಿಂದ ಅವನ ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ, ಒತ್ತಿ ಎಳೆದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಈ ಗುಟ್ಟನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ತಲೆ ಬಾಚುವಾಗ ಕೈಯನ್ನು ತಲೆಯ ಹತ್ತಿರ ಒಯ್ಯುವುದು ಬಿಟ್ಟು ತಲೆಯನ್ನೇ ಕೈಯ ಹತ್ತಿರ ತರುತ್ತಿದ್ದ. ಸ್ಟೀರಿಂಗಿಗೆ ಕೈ ಎತ್ತಬೇಕಿಲ್ಲವಾದ್ದರಿಂದ ಜೀಪು ಓಡಿಸುವುದಕ್ಕೆ ಏನೂ ಅಡ್ಡಿಯಿರಲಿಲ್ಲ. ಅಡ್ಡಿಯಿದ್ದದ್ದು ಹಳ್ಳದ ತಿರುವಿನಲ್ಲಿ. ಮಳೆಗಾಲದಲ್ಲಿ ಅಲ್ಲಿ ವಾರಕ್ಕೆರಡು ಸಲ ಚಕ್ರ ಹೂತುಹೋಗುತ್ತಿತ್ತು. ಹತ್ತೊಂಬತ್ತು ವರ್ಷ ಅವನು ಸನಿಕೆಯಿಂದ ಅಗೆದು, ಬಂಪರಿಗೆ ಭುಜ ಕೊಟ್ಟು ಜೀಪನ್ನು ಎಬ್ಬಿಸಿ, ಬೆಟ್ಟದ ಮೇಲಿನ ಶಾಲೆಗೆ ಮಕ್ಕಳನ್ನು ಮುಟ್ಟಿಸಿದ್ದ. ಮಾಮ ಅನ್ನುವ ಹೆಸರು ಆ ಮಕ್ಕಳೇ ಇಟ್ಟದ್ದು.

ಈಗ ಶಾಲೆಯಿಂದ ಕಾಗದ ಬಂದಿತ್ತು. ಈ ಮಳೆಗಾಲದಿಂದ ವಿಂಚ್ ಇರುವ ಜೀಪಿಗೆ ಮಾತ್ರ ಮಕ್ಕಳ ಟ್ರಿಪ್ಪು, ಸೋಮವಾರದೊಳಗೆ ತೋರಿಸಬೇಕು. ಮಾಮನಿಗೆ ಕಾಗದಕ್ಕಿಂತ ಅದರ ಹಿಂದೆ ಬರುವ ಮಾತಿನ ಭಯ. ಇಷ್ಟು ವರ್ಷ ಭುಜ ಕೊಟ್ಟವನು ಇದ್ದಕ್ಕಿದ್ದಂತೆ ಗುಂಡಿ ಒತ್ತುವ ಯಂತ್ರ ತಂದರೆ, ಭುಜಕ್ಕೆ ಏನಾಯ್ತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಗೊತ್ತಾದರೆ ಶಾಲೆಯವರು ಬೇರೆ ಡ್ರೈವರನ್ನು ಹುಡುಕುತ್ತಾರೆ. ಕೈವಿಂಚ್ ತಂದರೆ ಯಾರಿಗೂ ಸಂಶಯ ಬಾರದು. ಜೀಪು ಹೂತಾಗ ಆ ಹಿಡಿಯನ್ನು ಎಳೆಯುವವರು ಯಾರು? ಆಗ ನೋಡಿಕೊಂಡರಾಯಿತು. ಅವನ ಬುದ್ಧಿವಂತಿಕೆ ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು.

ಅಂಗಡಿಯೆಂದರೆ ತಗಡಿನ ಚಾವಣಿಯ ಉದ್ದನೆಯ ಕೋಣೆ, ಹಿಂದೆ ಹಳೇ ಟೈರುಗಳ ಅಂಗಳ. ಅಂಗಡಿಯಾಕೆಗೆ ಐವತ್ತರ ಮೇಲೆ ವಯಸ್ಸು, ಮೊಣಕೈವರೆಗೆ ಗ್ರೀಸು. ಮಾಮ ಬೆರಳು ತೋರಿಸಿದ ಕೈವಿಂಚನ್ನು ಆಕೆ ಗೂಡಿನಿಂದ ಇಳಿಸಿದಳು, ಆದರೆ ಅವನ ಕೈಗೆ ಕೊಡದೆ ನೇರ ಅಂಗಳಕ್ಕೆ ನಡೆದಳು. ಅಲ್ಲಿ ಎಂಜಿನ್ನಿಲ್ಲದ ಒಂದು ಹಳೇ ವ್ಯಾನು ಮಣ್ಣಲ್ಲಿ ಅರ್ಧ ಚಕ್ರ ಹೂತು ನಿಂತಿತ್ತು. ಆಕೆ ವಿಂಚನ್ನು ಕಂಬಕ್ಕೂ ವ್ಯಾನಿಗೂ ಸಿಕ್ಕಿಸಿ, ಅಪ್ಪಿತಪ್ಪಿ ಹಗ್ಗ ಕಿತ್ತುಬಂದರೆ ಯಾರಿಗೂ ಬಡಿಯದಿರಲೆಂದು ಅದರ ಮೇಲೆ ದಪ್ಪ ಗೋಣಿ ಹೊದಿಸಿದಳು.

"ಒಂದು ಗೇಣು ಎಳೆದು ತೋರಿಸಿ, ಅಣ್ಣ. ಆಮೇಲೆ ಬಿಲ್ಲು."

"ಹಿಂಗೂ ಉಂಟಾ?"

"ನಮ್ಮಪ್ಪನ ಕಾಲದಿಂದ ಇದೆ. ಎಳೆಯೋಕಾಗದೋರಿಗೆ ಕೈವಿಂಚ್ ಮಾರಲ್ಲ. ಕಾಡಲ್ಲಿ ಸಿಕ್ಕಾಕ್ಕೊಂಡು ನಮ್ಮನ್ನ ಬಯ್ತಾರೆ."

ಮಾಮ ಹೆಂಡತಿಯ ಕಡೆ ನೋಡಿದ. ಅವಳು ಟೈರಿನ ಮೇಲೆ ಕೂತು ಚಪ್ಪಲಿಯೊಳಗೆ ಸೇರಿದ ಕಲ್ಲು ಕೊಡವುತ್ತಿದ್ದಳು. ಸದ್ಯ, ಎಂದುಕೊಂಡು ಎಡಗೈಯಲ್ಲಿ ಹಿಡಿಯನ್ನು ಹಿಡಿದ. ಒಂದು ಸಲ ಬಂತು. ಎರಡನೆಯ ಸಲ ಬರಲಿಲ್ಲ.

"ಎರಡೂ ಕೈ ಹಾಕಿ."

ಹಾಕಿದ. ಹಲ್ಲು ಕಚ್ಚಿ ಎಳೆದ. ಭುಜದೊಳಗೆ ಯಾರೋ ಮೊಳೆ ಹೊಡೆದಂತಾಗಿ ಕೈ ತಾನಾಗಿಯೇ ಬಿಟ್ಟುಹೋಯಿತು. ವ್ಯಾನು ಎರಡು ಬೆರಳು ಮುಂದೆ ಬಂದಿತ್ತು, ಅಷ್ಟೇ.

"ಗ್ರೀಸು. ಕೈ ಜಾರ್ತು," ಎಂದ. ಹಿಡಿಯಲ್ಲಿ ಗ್ರೀಸಿನ ಸುಳಿವೇ ಇರಲಿಲ್ಲ. ಅಂಗಡಿಯಾಕೆ ಅದನ್ನು ಕಂಡೂ ಕಾಣದಂತೆ ಗೋಣಿ ಮಡಚತೊಡಗಿದಳು.

ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಎದ್ದಳು. "ಮೋಟಾರಿಂದು ಸ್ವಲ್ಪ ಕಮ್ಮಿದು ಯಾವುದಿದೆ, ಅಕ್ಕ?"

"ಒಂದು ಸೆಕೆಂಡ್ ಹ್ಯಾಂಡ್ ಇದೆ. ಇದಕ್ಕಿಂತ ಜಾಸ್ತಿನೇ, ಆದ್ರೆ ಕೈಗೆಟುಕದಷ್ಟಲ್ಲ. ಸುಳ್ಳು ಹೇಳಲ್ಲ, ನಿಮ್ಮ ಜೀಪಿನ ಭಾರಕ್ಕೆ ಅದು ಸ್ವಲ್ಪ ಚಿಕ್ಕದೇ. ಜೊತೆಗೆ ಒಂದು ರಾಟೆ ತಗೊಳ್ಳಿ. ರಾಟೆನ ಮರಕ್ಕೆ ಕಟ್ಟಿ, ಹಗ್ಗನ ಅದರಲ್ಲಿ ತಿರುಗಿಸಿ ವಾಪಸ್ ಜೀಪಿಗೇ ಕೊಕ್ಕೆ ಹಾಕಿದ್ರೆ ಹೆಚ್ಚುಕಮ್ಮಿ ಎರಡರಷ್ಟು ಎಳೆಯುತ್ತೆ. ನಿಧಾನ ಆಗುತ್ತೆ, ಅಷ್ಟೇ. ಬ್ಯಾಟರಿ ಚೆನ್ನಾಗಿರ್ಬೇಕು, ಎಂಜಿನ್ ಆನ್ ಇರ್ಬೇಕು."

"ಬ್ಯಾಟರಿ ಹೋದ ವರ್ಷ ಹಾಕ್ಸಿದ್ದು. ಅದರ ಗುಂಡಿ ಎಡಗೈಲಿ ಒತ್ತೋಕೆ ಬರುತ್ತಾ?"

ಮಾಮ ತಟ್ಟನೆ ಹೆಂಡತಿಯತ್ತ ತಿರುಗಿದ. ಅಂಗಡಿಯಾಕೆ ವಿಂಚ್ ತರಲು ಒಳಗೆ ಹೋದದ್ದೇ ತಡ, ಹೆಂಡತಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನಿಂಗೆ ಯಾರು ಹೇಳಿದ್ದು?" ಎಂದ.

"ಯಾರು ಹೇಳ್ಬೇಕು? ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿಯುತ್ತೆ ಅಂದ್ರೆ ಮನೆಯೋರೂ ಕಣ್ಣು ಮುಚ್ಕೊಂಡಿರ್ತಾರಾ? ಮೂರು ತಿಂಗಳಿಂದ ಅಟ್ಟದ ಮೇಲಿನ ಡಬ್ಬ ಇಳಿಸ್ಕೊಡಿ ಅಂತ ಒಂದು ದಿನಾನಾದ್ರೂ ಕೇಳಿದೀನಾ ನಿಮ್ಮನ್ನ?"

ಹೌದಲ್ಲ. ಡಬ್ಬಗಳೆಲ್ಲ ಕೆಳಗೆ ಬಂದು ಕೂತದ್ದನ್ನು ಅವನು ಗಮನಿಸಿದ್ದ, ಯಾಕೆಂದು ಕೇಳಿರಲಿಲ್ಲ.

"ಶಾಲೇಲಿ ಗೊತ್ತಾದ್ರೆ ಟ್ರಿಪ್ಪು ಹೋಗುತ್ತೆ ಕಣೆ. ಆ ಮಕ್ಕಳನ್ನ ಬಿಟ್ಟು ನಾನು ಏನ್ ಮಾಡ್ಲಿ?"

ಹೇಳಬಾರದೆಂದು ಮಾತು ಕೊಟ್ಟವಳ ಹಾಗೆ ಹೆಂಡತಿ ಅತ್ತ ಇತ್ತ ನೋಡಿದಳು.

"ಶಾಲೆಯ ದೊಡ್ಡ ಟೀಚರಿಗೂ ಗೊತ್ತು. ಹೋದ ತಿಂಗಳ ಅಡ್ಡಮಳೆಗೆ ಹಳ್ಳದ ತಿರುವಲ್ಲಿ ಜೀಪು ಹೂತಾಗ ನೀವು ಸನಿಕೆ ಹಿಡಿದು ಸುಮ್ನೆ ನಿಂತಿದ್ದನ್ನ ಮಕ್ಕಳು ಹೋಗಿ ಹೇಳಿದ್ವಂತೆ. ಅವ್ರು ಮನೆಗೆ ಬಂದಿದ್ರು, ನೀವಿಲ್ಲದಾಗ. ಕಮಿಟಿಯೋರು ಬೇರೆ ಜೀಪು ನೋಡೋಣ ಅಂದ್ರಂತೆ. ಡ್ರೈವರ್ ಬದಲಾಯ್ಸೋದು ಬೇಡ, ವಿಂಚ್ ಹಾಕ್ಸಿ ಅಂತ ಹಟ ಹಿಡಿದು ಆ ಕಾಗದ ಬರೆಸಿದ್ದು ಅವ್ರೇ."

ಮಾಮ ಅಲ್ಲೇ ಟೈರಿನ ಮೇಲೆ ಕೂತುಬಿಟ್ಟ. ತನ್ನನ್ನು ಹೊರಗೆ ಹಾಕಲು ಬಂತೆಂದು ಎರಡು ವಾರದಿಂದ ನಿದ್ದೆಗೆಡಿಸಿಕೊಂಡ ಕಾಗದವದು. ಅವನಿಗೆ ನಾಚಿಕೆಯಾಯಿತು.

"ನನ್ನ ಹತ್ರ ಒಂದು ಮಾತು ಆಡ್ಲಿಲ್ವಲ್ಲ ಟೀಚರು."

"ಆಡಿದ್ರೆ ಮಾರನೇ ದಿನ ನೀವು ಅವ್ರಿಗೆ ಮುಖ ತೋರಿಸಿ ಜೀಪು ತೆಗೀತಿದ್ರಾ?"

ಹೆಂಡತಿ ಅವನ ಬಲಭುಜದ ಮೇಲೆ ಹಗುರಾಗಿ ಕೈಯಿಟ್ಟಳು. ಮೂರು ತಿಂಗಳಲ್ಲಿ ಮೊದಲ ಸಲ ಅವನು ಭುಜವನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಅಂಗಡಿಯಾಕೆ ವಿಂಚನ್ನೂ ರಾಟೆಯನ್ನೂ ತಳ್ಳುಗಾಡಿಯಲ್ಲಿಟ್ಟುಕೊಂಡು ಬಂದಳು. ಉದ್ದನೆಯ ವೈರಿನ ತುದಿಯಲ್ಲಿ ಅಂಗೈಯಗಲದ ಗುಂಡಿಪೆಟ್ಟಿಗೆ ನೇತಾಡುತ್ತಿತ್ತು. "ಇದನ್ನ ನೇತುಹಾಕೋಕೆ ಜೀಪಲ್ಲಿ ಎಲ್ಲಿ ಕೊಕ್ಕೆ ಹಾಕ್ಲಿ? ವಿಂಚ್ ಯಾರು ನಡೆಸೋದು?" ಎಂದು ಕೇಳುತ್ತ ಹೆಂಡತಿಯ ಮುಖ ನೋಡಿದಳು.

ಹೆಂಡತಿ ಬಾಯಿ ತೆರೆಯುವುದರೊಳಗೆ ಮಾಮ ಎದ್ದು ನಿಂತ.

"ನಾನೇ," ಎಂದ. "ನನ್ನ ಬಲಗೈ ಮೇಲೇಳಲ್ಲ, ಅಕ್ಕ. ಎಡಗೈಗೆ ಸಿಗೋ ಹಾಗೆ ಹಾಕ್ಕೊಡಿ."