ಅಕ್ಕನ ಈಲಿ, ತಮ್ಮನ ಕಾವಲು

ವೀರನಹೊಸಹಳ್ಳಿಯ ಕಾಂತರಾಜು ಹುಟ್ಟಿದಾಗಿನಿಂದ ಅಕ್ಕನ ಮುಂದೆ ಒಂದು ಸಲವಾದರೂ ಗೆದ್ದವನಲ್ಲ. ಮರ ಹತ್ತುವುದರಲ್ಲಿ ಸೋತ, ಮುದ್ದೆ ನುಂಗುವುದರಲ್ಲಿ ಸೋತ, ಜಗಳದಲ್ಲಂತೂ ಬಾಯಿ ತೆರೆಯುವ ಮೊದಲೇ ಸೋತ. ದೊಡ್ಡತಾಯಮ್ಮ ಬಿಳಿಕೆರೆಗೆ ಮದುವೆಯಾಗಿ ಹೋದ ಮೇಲಾದರೂ ಕಾಟ ತಪ್ಪೀತು ಅಂದುಕೊಂಡಿದ್ದ. ಎಲ್ಲಿ ತಪ್ಪುತ್ತೆ? ಈಗ ಅವಳ ಈಲಿಯ, ಅಂದರೆ ಲಿವರಿನ, ಅರ್ಧಕ್ಕೂ ಹೆಚ್ಚು ಪಾಲು ಇವನ ಹೊಟ್ಟೆಯೊಳಗೇ ಬಂದು ಕೂತಿತ್ತು.

ಆದದ್ದಿಷ್ಟು. ಕಾಂತರಾಜುವಿಗೆ ಕುಡಿತದ ಚಟವಿರಲಿಲ್ಲ. ಹಾಗೆಂದು ಊರವರನ್ನು ನಂಬಿಸುವಷ್ಟರಲ್ಲಿ ಹೆಂಡತಿ ಸೌಂದರ್ಯಳ ಗಂಟಲು ಒಣಗಿಹೋಯಿತು, ಆ ಮಾತು ಬೇರೆ. ಯಾವುದೋ ಕಾಮಾಲೆಯ ವೈರಸ್ಸು ಒಳಗೊಳಗೇ ಅವನ ಈಲಿಯನ್ನು ತಿಂದುಹಾಕಿತ್ತು. ಬೇರೆಯವರದು ಕೂರಿಸದಿದ್ದರೆ ಜೀವ ಉಳಿಯುವುದಿಲ್ಲ ಅಂದರು ಡಾಕ್ಟರು. ದೊಡ್ಡತಾಯಮ್ಮನದು ಹೊಂದಿಕೆಯಾಯಿತು. "ಕೊಯ್ಕಳಿ ಅತ್ಲಾಗೆ, ಮತ್ತೆ ಬೆಳೀತದಂತಲ್ಲ" ಎಂದು ಅವಳು ಹಿತ್ತಲ ಸೀಬೆಹಣ್ಣು ಕೊಟ್ಟಷ್ಟು ಸಲೀಸಾಗಿ ಮೈಸೂರಿನ ಆಸ್ಪತ್ರೆಗೆ ಹೋಗಿ ಮಲಗಿಬಿಟ್ಟಳು.

ಗಾಯ ಮಾಗಿದ ಮೇಲೆ ಇಬ್ಬರನ್ನೂ ಸ್ಕ್ಯಾನಿಂಗಿಗೆ ಕರೆದರು. ಡಾಕ್ಟರ್ ಶಾಹಿಸ್ತಾ ಹುಣಸೂರಿನ ಕಡೆಯವರೇ, ಹಳ್ಳಿಯವರ ಮಾತು ಬಲ್ಲವರು. "ಅಕ್ಕಂದು ಚೆನ್ನಾಗಿ ಬೆಳೆದಿದೆ. ನಿಮ್ಮದು ಸ್ವಲ್ಪ ನಿಧಾನ, ಪರವಾಗಿಲ್ಲ" ಅಂದರು.

ಪರವಾಗಿಲ್ಲವಂತೆ! ಕಾಂತರಾಜುವಿನ ಮುಖ ಹುಳ್ಳಗಾಯಿತು. "ಅದ್ಯಾಕ್ ಮೇಡಮ್ ನಿಧಾನ? ಎರಡೂ ಒಂದೇ ಗಿಡದ್ದಲ್ವಾ?"

ಶಾಹಿಸ್ತಾ ಬಿಡಿಸಿ ಹೇಳಿದರು. ಈಲಿಗೆ ಕತ್ತರಿ ಬಿದ್ದೊಡನೆ ಮೊದಲು ಎಚ್ಚೆತ್ತುಕೊಳ್ಳುವುದು ಮೈಯೊಳಗಿನ ಕಾವಲು ಕೋಶಗಳು. ರೋಗ ಓಡಿಸುವುದಷ್ಟೇ ಅವುಗಳ ಕೆಲಸವಲ್ಲ. ಗಾಯದ ಕಸ ಬಾಚುವುದು, ಉಳಿದ ಈಲಿಗೆ 'ಏಳು, ಬೆಳಿ' ಎಂದು ಕೂಗು ಹಾಕುವುದು, ಅದೂ ಅವುಗಳದೇ. "ನಿಮ್ಮ ಕಾವಲನ್ನ ಮಾತ್ರೆ ಕೊಟ್ಟು ಮಂಕಾಗಿ ಇಟ್ಟಿದ್ದೀವಿ. ಯಾಕೆ ಅಂದ್ರೆ..."

ಆ 'ಯಾಕೆ ಅಂದ್ರೆ' ಮುಂದಿನದು ಕಾಂತರಾಜುವಿನ ಕಿವಿಗೆ ಬೀಳಲಿಲ್ಲ. ಪಕ್ಕದಲ್ಲಿ ದೊಡ್ಡತಾಯಮ್ಮ ಆಗಲೇ ಶುರು ಹಚ್ಚಿಕೊಂಡಿದ್ದಳು. "ನೋಡ್ಲಾ, ಅರ್ಧ ಕೊಟ್ಟೂ ನಾನೇ ಮುಂದು!"

ಬಸ್ಸಿನಲ್ಲಿ ಊರು ಸೇರುವ ತನಕ ಅವನಿಗೆ ಅದೇ ಕೊರೆತ. ಅವನದು ಕಾಡಿನ ಅಂಚಿನ ಊರು. ರಾಗಿ ಹಾಕು, ಜೋಳ ಹಾಕು, ಆನೆಗೆ ಮೊದಲ ಪಾಲು. ಅಟ್ಟಣೆ ಕಟ್ಟಿ, ಪಟಾಕಿ ಹಿಡಿದು ಕೂರದವನ ಮನೆಗೆ ತೆನೆ ಬಂದದ್ದುಂಟೇ? ಕಾವಲಿನವನು ತೂಕಡಿಸಿದರೆ ಬೆಳೆ ಹೋಯಿತು ಅನ್ನುವುದು ಅಲ್ಲಿನ ಚಿಳ್ಳೆಪಿಳ್ಳೆಗೂ ಗೊತ್ತು. ಹೀಗಿರುವಾಗ ಕಾವಲಿಗೇ ಮಂಕುಮಾತ್ರೆ ಕೊಡುವ ಬೇಸಾಯ ಯಾವ ಸೀಮೆಯದು? ಡಾಕ್ಟರಿಗೆ ಓದು ಗೊತ್ತು, ಹೊಲ ಗೊತ್ತಿಲ್ಲ ಎಂದು ತೀರ್ಮಾನಿಸಿದ. ಮಾರನೆಯ ಬೆಳಗ್ಗೆಯಿಂದ ಆ ಮಾತ್ರೆಗಳು ಹಿತ್ತಲ ದಾಸವಾಳದ ಬುಡ ಸೇರತೊಡಗಿದವು.

ಮೊದಮೊದಲು ಏನು ಹುರುಪು ಅಂತೀರಿ! ಅಕ್ಕನಿಗೆ ಫೋನು ಮಾಡಿ, "ಮುಂದಿನ ಸ್ಕ್ಯಾನಿಂಗಲ್ಲಿ ನೋಡ್ಕಳಕ್ಕ, ಯಾರ್ದು ಮುಂದು ಅಂತ" ಎಂದು ಕೊಚ್ಚಿಕೊಂಡ. ಆಮೇಲೆ ಸುಸ್ತು ಬಂತು. ಮೈ ಕೆರೆತ ಬಂತು. ಯಾರಿಗೂ ಹೇಳದೆ ತುಂಬುತೋಳಿನ ಅಂಗಿ ಹಾಕಿಕೊಂಡು ಓಡಾಡಿದ.

ಮಾರ್ಲಮಿ ಹಬ್ಬಕ್ಕೆ ಬಂದ ದೊಡ್ಡತಾಯಮ್ಮ ಬಾಗಿಲಲ್ಲೇ ಅವನ ಗದ್ದ ಹಿಡಿದು ಕಣ್ಣರೆಪ್ಪೆ ಎಳೆದು ನೋಡಿದಳು.

"ಏನ್ಲಾ ಇದು, ಕಣ್ಣು ಅರಿಸ್ನ ಆಗದೆ?"

"ಬಿಸ್ಲು ಕಣಕ್ಕ."

"ಬಿಸ್ಲಿಗೆ ಮೂತಿ ಕಪ್ಪಾಯ್ತದೆ ಕಣ್ಲಾ, ಕಣ್ಣು ಅಳದಿ ಆಗಕಿಲ್ಲ. ಮಾತ್ರೆ ನುಂಗ್ತಾ ಇದೀಯಾ?"

ಕಾಂತರಾಜು ಹಿತ್ತಲ ದಾಸವಾಳದ ಬುಡದ ಕಡೆ ಕೈ ತೋರಿಸಿದ. ಸೌಂದರ್ಯ "ಅಯ್ಯೋ ನನ್ ಕರ್ಮವೇ" ಎಂದು ಅಲ್ಲೇ ಕುಸಿದು ಕೂತಳು. ಹಬ್ಬದ ಅಡುಗೆ ಒಲೆಯ ಮೇಲೇ ಉಳಿಯಿತು, ಬಾಡಿಗೆ ಕಾರು ಮೈಸೂರಿನ ದಾರಿ ಹಿಡಿಯಿತು.

ರಕ್ತದ ವರದಿ ನೋಡಿದ ಶಾಹಿಸ್ತಾ ಮೇಡಮ್ಮಿಗೆ ಸಿಟ್ಟು ನೆತ್ತಿಗೇರಿತು. "ಅವತ್ತು ನಾನು ಹೇಳಿದ್ದು ಪೂರ್ತಿ ಕೇಳಿಸ್ಕೊಂಡ್ರಾ? ಅಕ್ಕನ ಈಲಿ ಬರುವಾಗ ಅದರೊಳಗಿನ ಕಾವಲು ಕೋಶಗಳೂ ಜೊತೆಗೇ ಬಂದಿವೆ. ಆ ತುಂಡನ್ನ ಬೆಳಿ ಬೆಳಿ ಅಂತ ಎಬ್ಬಿಸ್ತಾ ಇದ್ದದ್ದು ಅವು. ನೀವು ಎಬ್ಬಿಸಿರೋದು ನಿಮ್ಮ ರಕ್ತದ ಕಾವಲನ್ನ. ಅದಕ್ಕೆ ನಿಮ್ಮಕ್ಕ ಯಾರೋ ಹೊರಗಿನವರು. ಬೆಳೆಸ್ತಿದ್ದವರ ಮೇಲೇ ಬಿದ್ದು ಹೊಡೀತಾ ಇದೆ."

"ಉಳೀತದಾ ಮೇಡಮ್?" ದೊಡ್ಡತಾಯಮ್ಮ ಕೇಳಿದಳು.

"ಇಂಜೆಕ್ಷನ್ ಶುರುಮಾಡ್ತೀವಿ, ನೋಡೋಣ. ಇದು ಹೋದ್ರೆ ನೀವು ಇನ್ನೊಂದ್ಸಲ ಕೊಡೋಕಾಗಲ್ಲಮ್ಮ."

ಕಾಂತರಾಜುವಿಗೆ ಸಾಯುವ ಹೆದರಿಕೆ ಒಂದು ಕಡೆ. ತನ್ನ ಮೈಯೇ ಅಕ್ಕನನ್ನು ಹೊರಗಿನವಳೆಂದು ಬಡಿಯುತ್ತಿದೆ ಅನ್ನುವುದು ಇನ್ನೊಂದು ಕಡೆ, ಅದೇ ಹೆಚ್ಚು ಚುಚ್ಚಿತು. ಎಂದೂ ಬಾಯಿ ಮುಚ್ಚದ ದೊಡ್ಡತಾಯಮ್ಮ ಹಾಸಿಗೆ ಪಕ್ಕ ಕೂತು ಅವನ ಹೊದಿಕೆ ಸರಿಮಾಡುತ್ತಿದ್ದಳು. ಅವನಿಂದ ತಡೆಯಲಾಗಲಿಲ್ಲ.

"ಬಯ್ಯಕ್ಕಾ. ಬಾಯ್ತುಂಬ ಬಯ್ದುಬುಡು."

"ಬಯ್ಯಕಿಲ್ಲ ಬುಡು. ಒಳಗಿರೋದೂ ನಾನೇಯ, ಅದುಕ್ಕೆ ಬೇಜಾರಾದಾತು" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಇಂಜೆಕ್ಷನ್ ಹಿಡಿಯಿತು. ಕಣ್ಣಿನ ಹಳದಿ ಇಳಿಯುತ್ತ ಬಂತು. ಮನೆಗೆ ಬಂದ ಮೇಲೆ ದಿನಾ ಬೆಳಗ್ಗೆ ಬಿಳಿಕೆರೆಯಿಂದ ವಿಡಿಯೊ ಕಾಲ್ ಬರುತ್ತಿತ್ತು. "ನುಂಗು. ಬಾಯಿ ತಗಿ. ನಾಲ್ಗೆ ಎತ್ತು." ಐವತ್ತರ ಹತ್ತಿರದ ಗಂಡಸು ಹೆಂಡತಿಯ ಎದುರಿಗೇ ನಾಲಿಗೆ ಎತ್ತಿ ತೋರಿಸುತ್ತಿದ್ದ.

ಮತ್ತೆ ಸ್ಕ್ಯಾನಿಂಗಿಗೆ ಹೋದಾಗ ಶಾಹಿಸ್ತಾ ಪರದೆಯನ್ನು ಇವರ ಕಡೆ ತಿರುಗಿಸಿ ನಕ್ಕರು. "ಈಲಿ ಆಳಿಗೆ ತಕ್ಕಂತೆ ಬೆಳೆಯುತ್ತೆ. ನಿಮ್ಮದು ದೊಡ್ಡ ಆಳು ನೋಡಿ, ಈ ಸಲ ನಿಮ್ಮದೇ ಒಂದು ಕೈ ಮುಂದೆ."

ಅರೆ! ಜೀವಮಾನವೆಲ್ಲ ಕಾದದ್ದು ಇದಕ್ಕೇ ಅಲ್ಲವೇ? ಸೌಂದರ್ಯ ಅವನ ಮುಖ ನೋಡಿದಳು. ದೊಡ್ಡತಾಯಮ್ಮನೂ ಸೋಲೊಪ್ಪಿಕೊಳ್ಳಲು ತಯಾರಾಗಿ ಕೈಕಟ್ಟಿ ನಿಂತಳು. ಕಾಂತರಾಜು ಎದೆಯುಬ್ಬಿಸಿ ಬಾಯಿ ತೆರೆದವನು ಅಕ್ಕನ ಕಡೆ ತಿರುಗಿ ನೋಡಿ ಎದೆ ಇಳಿಸಿದ.

"ನಂದೆಲ್ ಮೇಡಮ್ ಬಂತು? ಆ ಕಡೆ ಬೆಳ್ದಿದ್ದೂ ಅಕ್ಕಂದೇ, ಈ ಕಡೆ ಬೆಳ್ದಿದ್ದೂ ಅಕ್ಕಂದೇ. ನಾನು ಬರೀ ಹೊಲ ಕಣ್ರೀ."

ದೊಡ್ಡತಾಯಮ್ಮನ ಕಣ್ಣಲ್ಲಿ ನೀರಾಡಿತು. ತಮ್ಮನ ತಲೆಗೆ ಮೆಲ್ಲಗೆ ಒಂದು ಮೊಟಕಿದಳು.

"ಇಷ್ಟು ಬುದ್ಧಿ ಬರಕೆ ನನ್ ಅರ್ಧ ಈಲಿನೇ ಬೇಕಾಯ್ತಲ್ಲಾ ನಿಂಗೆ!"